ಬಾಗಿಲು ಇರುವುದು ಎಲೆಯ ಬೆನ್ನಿಗೆ

ಮುಂಗಾರಿಗೆ ಮುನ್ನ ಮೂಡಿಗೆರೆ, ಕಳಸದ ಕಡೆ ಕಾಫಿ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವುದನ್ನು ನೋಡಿದ್ದೀರಾ? ಪೈಪಿನ ಮೂತಿಯನ್ನು ಮೇಲ್ಮುಖ ಮಾಡಿ ಎಲೆಯ ತಳಭಾಗಕ್ಕೇ ಸಿಂಪಡಿಸುತ್ತಾರೆ. ಮೇಲಿಂದ ಮಾತ್ರ ಹೊಡೆದರೆ ಮೈಲುತುತ್ತ, ಸುಣ್ಣ, ಕೂಲಿ ಬಹುಪಾಲು ದಂಡ.

ಇದಕ್ಕೆ ಕಾರಣ ಎಲೆಯ ಅಂಗಾಂಶಗಳ ಜೋಡಣೆ. ಕಾಫಿ ಎಲೆಯ ಮೇಲ್ಪದರಕ್ಕೆ ಮೇಣದ ಹೊದಿಕೆಯಿದೆ, ಪತ್ರರಂಧ್ರಗಳಿಲ್ಲ. ಅದರಡಿ ಕಂಬಗಳಂತೆ ಒತ್ತಾಗಿ ನಿಂತ ಜೀವಕೋಶಗಳು. ಇನ್ನೂ ಕೆಳಗೆ ಗಾಳಿಯಾಡುವ ಸಂದುಗಳಿರುವ ಸ್ಪಂಜಿನಂಥ ಅಂಗಾಂಶ. ಪತ್ರರಂಧ್ರಗಳೆಲ್ಲ ತಳದಲ್ಲಿ.

ಎಲೆ ತುಕ್ಕು ರೋಗ ತರುವ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರ ಎಲೆಯ ಹೊರಪದರವನ್ನು ಕೊರೆಯುವುದಿಲ್ಲ. ಅದರ ಬೀಜಾಣು ನೀರಹನಿಯಲ್ಲಿ ಮೊಳೆತು ಪತ್ರರಂಧ್ರದ ಮೂಲಕ ಒಳನುಗ್ಗಿ, ಆ ಸಂದುಗಳಲ್ಲಿ ಹಬ್ಬಿ, ಜೀವಕೋಶಗಳಿಂದ ಆಹಾರ ಹೀರುತ್ತದೆ. ಕೆಲವು ವಾರಗಳಲ್ಲಿ ಅದೇ ರಂಧ್ರಗಳಿಂದ ಕಿತ್ತಳೆ ಬಣ್ಣದ ಪುಡಿ ಹೊರಬರುತ್ತದೆ. ಎಲೆ ಉದುರಿದರೆ ಮುಂದಿನ ಫಸಲಿಗೂ ಪೆಟ್ಟು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿ ಬೆಳೆಯನ್ನೇ ಮುಗಿಸಿತು. ಆ ಜಾಗಕ್ಕೆ ಚಹಾ ಬಂತು.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಎಸ್. 795 ತಳಿ ಬಂತು. ರೋಗ ತಡೆಯುವ ಗಿಡದಲ್ಲೂ ಬಾಗಿಲು ತೆರೆದೇ ಇರುತ್ತದೆ, ಶಿಲೀಂಧ್ರ ಒಳಬರುತ್ತದೆ. ಆದರೆ ಅದು ತಾಗಿದ ಜೀವಕೋಶಗಳು ತಾವೇ ಸತ್ತು ಅದನ್ನು ಉಪವಾಸ ಕೆಡವುತ್ತವೆ. ಜಾಣ ಉಪಾಯವೇ ಸರಿ. ಶಿಲೀಂಧ್ರವೇನು ಕಡಿಮೆಯೇ? ಹೊಸ ಹೊಸ ರೂಪ ತಾಳಿ ಎಸ್. 795ಕ್ಕೂ ತುಕ್ಕು ಹಿಡಿಸಿದೆ.

ಕಾಫಿ ಎಲೆಯ ಎರಡೂ ಬದಿಗೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ. ಒಣಗಿದ ಮೇಲೆ ಆ ಪೊರೆಗಳನ್ನು ಸೆಲ್ಲೋಟೇಪಿನಿಂದ ಎತ್ತಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ. ಬಾಗಿಲುಗಳು ಯಾವ ಪೊರೆಯಲ್ಲಿವೆ ಎಂದು ಮನೆಯವರಿಗೂ ತೋರಿಸಿ.