ಅಮೆರಿಕಾ ಎಲೆಕ್ಷನ್ನೂ ನಮ್ಮ ಮೀಸಲು ಸೀಟೂ

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಟ್ರಂಪ್ ಮತ್ತೆ ಗೆದ್ದಾಗಿಂದ ಅರಸೀಕೆರೆಯ ಟೀ ಅಂಗಡಿಗಳಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮಾತು. "ಅಲ್ಲಿ ನೋಡ್ರಿ, ಜನ ನೇರವಾಗಿ ಅಧ್ಯಕ್ಷನ್ನ ಆರಿಸ್ತಾರೆ. ಮೀಸಲಾತಿ ಗೊಡವೆ ಇಲ್ಲ. ನಮಗೂ ಅಂಥದ್ದೇ ಬರಬೇಕು." ಹೇಳೋರು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೇದು, ಅಲ್ಲಿ ಜನ ನೇರವಾಗಿ ಆರಿಸೋದಿಲ್ಲ. ಆರಿಸೋದು ರಾಜ್ಯಗಳಿಂದ ಬರೋ 538 ಎಲೆಕ್ಟರ್‌ಗಳು. 270 ಸಿಕ್ಕಿದೋರು ಗೆದ್ದಂಗೆ. ಎರಡು ರಾಜ್ಯ ಬಿಟ್ಟು ಉಳಿದ ಕಡೆಯೆಲ್ಲಾ ಒಂದು ಓಟು ಜಾಸ್ತಿ ಬಂದೋರಿಗೇ ಆ ರಾಜ್ಯದ ಎಲ್ಲಾ ಎಲೆಕ್ಟರ್‌ಗಳು. ಅದಕ್ಕೇ 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಓಟು ಜಾಸ್ತಿ ತಗೊಂಡೂ ಸೋತಿದ್ದು. 2000ದಲ್ಲಿ ಅಲ್ ಗೋರ್ ಕಥೆನೂ ಇದೇ.

ಈ ಸುತ್ತುಬಳಸು ದಾರಿ ಯಾಕೆ ಬಂತು? ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದ್ರೆ ಯಾರೂ ಬಾಯಿ ಬಿಡದ ಕಾರಣ ಒಂದಿದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯೋವಾಗ ವರ್ಜೀನಿಯಾದ ಮ್ಯಾಡಿಸನ್ ತಾವೇ ಒಪ್ಪಿಕೊಂಡರು: ಜನರೇ ಆರಿಸೋದು ಸರಿ, ಆದ್ರೆ ದಕ್ಷಿಣದವರಿಗೆ ನಷ್ಟ, ಯಾಕಂದ್ರೆ ಅಲ್ಲಿನ ಕರಿಯರಿಗೆ ಓಟಿಲ್ಲ. ಅದಕ್ಕೆ ದಾರಿ ಹುಡುಕಿದರು. ಪ್ರತಿನಿಧಿ ಸಭೆಯ ಸೀಟು ಲೆಕ್ಕ ಹಾಕುವಾಗ ಐದು ಗುಲಾಮರನ್ನ ಮೂರು ತಲೆ ಅಂತ ಎಣಿಸೋದು. ಅದೇ ಲೆಕ್ಕದ ಮೇಲೇ ಎಲೆಕ್ಟರ್‌ಗಳು.

ಇದರ ಫಲ ನೋಡಿ. 1790ರ ಜನಗಣತಿಯಲ್ಲಿ ವರ್ಜೀನಿಯಾ, ಪೆನ್ಸಿಲ್ವೇನಿಯಾ ಎರಡರಲ್ಲೂ ಸ್ವತಂತ್ರರ ಸಂಖ್ಯೆ ಹೆಚ್ಚುಕಮ್ಮಿ ಸಮ. ವರ್ಜೀನಿಯಾದಲ್ಲಿ ಮಾತ್ರ ಸುಮಾರು 2.9 ಲಕ್ಷ ಗುಲಾಮರು. 1800ರ ಚುನಾವಣೆಯಲ್ಲಿ ಪೆನ್ಸಿಲ್ವೇನಿಯಾಕ್ಕೆ 15 ಎಲೆಕ್ಟರ್, ವರ್ಜೀನಿಯಾಕ್ಕೆ 21. ಮೊದಲ 36 ವರ್ಷದಲ್ಲಿ 32 ವರ್ಷ ಅಧ್ಯಕ್ಷರು ವರ್ಜೀನಿಯಾದೋರೇ, ಎಲ್ಲರೂ ಗುಲಾಮರನ್ನ ಇಟ್ಕೊಂಡಿದ್ದೋರೇ. ತಲೆ ನಮ್ಮದು, ತೂಕ ಧಣಿಯದು.

ಗುಲಾಮಗಿರಿ ಹೋದ ಮೇಲೆ ಐದಕ್ಕೆ ಐದೂ ತಲೆ ಲೆಕ್ಕಕ್ಕೆ ಬಂತು. 1870ರಲ್ಲಿ ಕರಿಯರಿಗೆ ಓಟೂ ಬಂತು. 1876ರ ಚುನಾವಣೆ ಜಗಳಕ್ಕೆ ಬಿದ್ದಾಗ ದೊಡ್ಡೋರು ರಾಜಿ ಮಾಡ್ಕೊಂಡರು. ದಕ್ಷಿಣದಿಂದ ಸೈನ್ಯ ವಾಪಸ್ ಹೋಯ್ತು. ಆಮೇಲೆ ಅಕ್ಷರ ಪರೀಕ್ಷೆ, ಓಟಿನ ತೆರಿಗೆ, ಮರಕ್ಕೆ ನೇತುಹಾಕೋದು. ತಲೆ ಲೆಕ್ಕದಲ್ಲೇ ಇತ್ತು, ಓಟು ಮಾತ್ರ ಇಲ್ಲ. ಅದು ನಿಜವಾಗಿ ವಾಪಸ್ ಬರೋಕೆ 1965 ಆಗಬೇಕಾಯ್ತು.

ಹಿಂಗೆ ಅರೆಬರೆ ಬಾಗಿಲು ತೆಗೆಯೋದು ನಮಗೇನು ಹೊಸದಲ್ಲ. ಬೇಲೂರು ದೇವಸ್ಥಾನಕ್ಕೆ ಹೊಲೆಯ ಮಾದಿಗರು ವರ್ಷದಲ್ಲಿ ಗೊತ್ತಾದ ದಿನ ಮಾತ್ರ ಹೋಗಬಹುದಿತ್ತು. ಅದನ್ನೇ ಈಗಲೂ ಔದಾರ್ಯ ಅಂತ ವರ್ಣಿಸ್ತಾರೆ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು, ಸಂತೋಷ. ಆ ಬೋರ್ಡುಗಳಲ್ಲಿ ಈ ಮಾತೂ ಒಂದು ಸಾಲು ಇರಲಿ.

ಈಗ ನಮ್ಮ ಮೀಸಲು ಸೀಟಿಗೆ ಬರೋಣ. ಹಾಸನ ಜಿಲ್ಲೆಯ 7 ವಿಧಾನಸಭಾ ಕ್ಷೇತ್ರದಲ್ಲಿ ಸಕಲೇಶಪುರ ಒಂದೇ ಎಸ್ಸಿ ಮೀಸಲು. ರಾಜ್ಯಕ್ಕೆ ಇಂಥ ಸೀಟು ಎಷ್ಟು ಅಂತ ನಿಗದಿಯಾಗೋದು ನಮ್ಮ ಜನಸಂಖ್ಯೆ ಮೇಲೆ. ಗೆಲ್ಲಿಸೋದು ಮಾತ್ರ ಬಹುಸಂಖ್ಯಾತರ ಓಟು. ಗುಲಾಮಗಿರಿಗೂ ಇದಕ್ಕೂ ಸಮ ಅಂತ ನಾನು ಹೇಳ್ತಿಲ್ಲ, ನಮಗೆ ಓಟಿದೆ. ಆದ್ರೆ ನಮ್ಮ ಪರ ಗಟ್ಟಿಯಾಗಿ ಮಾತಾಡೋನಿಗೆ ಟಿಕೆಟ್ ಸಿಗುತ್ತಾ, ಗೌಡರ ಮನೆ ಜಗಲಿ ಮುಂದೆ ಕೈಕಟ್ಟಿ ನಿಲ್ಲೋನಿಗಾ? ಗ್ರಾಮ ಪಂಚಾಯ್ತೀಲಂತೂ ಮೀಸಲು ಅಧ್ಯಕ್ಷರನ್ನ ಆರಿಸೋದೂ ಮೆಂಬರ್‌ಗಳು ಮಾತ್ರ. ಅವರನ್ನ ಟೂರ್ ಕರ್ಕೊಂಡೋಗಿ, ದೇವರ ಮುಂದೆ ಆಣೆ ಮಾಡಿಸಿ ತರ್ತಾರಲ್ಲ, ಅದೇ ನಮ್ಮೂರ ಎಲೆಕ್ಟೋರಲ್ ಕಾಲೇಜು!

ಬಾಬಾಸಾಹೇಬರಿಗೆ ಇದು ಮೊದಲೇ ಗೊತ್ತಿತ್ತು. ಅದಕ್ಕೇ ಪ್ರತ್ಯೇಕ ಮತದಾನ ಕೇಳಿದರು. 1932ರ ಸೆಪ್ಟೆಂಬರ್ 24ರಂದು, ಗಾಂಧಿ ಉಪವಾಸದ ಒತ್ತಡದಲ್ಲಿ, ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯ್ತು. ಸೀಟು 71ರಿಂದ 148 ಆಯ್ತು, ಆಯ್ಕೆ ಕೈತಪ್ಪಿತು. ಆದ್ರೂ ಒಂದು ಅಂಶ ಉಳಿದಿತ್ತು: ಮೊದಲು ನಮ್ಮೋರೇ ಓಟು ಹಾಕಿ ನಾಲ್ಕು ಹೆಸರು ಆರಿಸೋದು, ಆಮೇಲೆ ಆ ನಾಲ್ವರಲ್ಲಿ ಒಬ್ಬರನ್ನ ಎಲ್ಲರೂ ಸೇರಿ ಗೆಲ್ಲಿಸೋದು. ಸಂವಿಧಾನ ಬರೋ ಹೊತ್ತಿಗೆ ಅದೂ ಹೋಯ್ತು.

ಇನ್ನು ಅಧ್ಯಕ್ಷ ಪದ್ಧತಿ ಬೇಕು ಅನ್ನೋರಿಗೆ: 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುತ್ತಾ ಬಾಬಾಸಾಹೇಬರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅಮೆರಿಕಾ ಪದ್ಧತೀಲಿ ಸ್ಥಿರತೆ ಜಾಸ್ತಿ, ನಮ್ಮದ್ರಲ್ಲಿ ಹೊಣೆಗಾರಿಕೆ ಜಾಸ್ತಿ, ಇಲ್ಲಿ ಸರ್ಕಾರವನ್ನ ದಿನಾ ಪ್ರಶ್ನೆ ಕೇಳಬಹುದು ಅಂತ. ದಿನಾ ಕೇಳೋ ಹಕ್ಕು ಬಿಟ್ಟು ನಾಲ್ಕು ವರ್ಷಕ್ಕೊಮ್ಮೆ ಕೇಳಿ ಅಂದ್ರೆ, ಯಾರಿಗೆ ಲಾಭ?

ನಾನು ಕೇಳ್ಕೊಳ್ಳೋದು ಇಷ್ಟೇ. ಆ ನಾಲ್ಕು ಹೆಸರಿನ ಪದ್ಧತಿಯನ್ನ ನಮ್ಮ ಕೇರಿಗಳಲ್ಲಿ ನಾವೇ ಶುರು ಮಾಡೋಣ. ಪಂಚಾಯ್ತಿ ಚುನಾವಣೆ ನೋಟಿಫಿಕೇಶನ್ ಬರೋ ಮೊದಲೇ ಹೆಂಗಸರು ಗಂಡಸರು ಎಲ್ಲಾ ಕೂತು, ಚೀಟಿ ಹಾಕಿ, ಮೀಸಲು ಸೀಟಿಗೆ ನಮ್ಮ ಹೆಸರು ಆರಿಸಿ ಪಾರ್ಟಿಯೋರ ಮುಂದಿಡೋಣ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯೋರು ಯಾವ ಭಾನುವಾರ ಸೇರಬಹುದು ಅಂತ ಕಾಮೆಂಟಲ್ಲಿ ಹಾಕಿ.