ಬಳೆ ಯಾರದು?

ಹೆಣ್ಣುಮಗುವಿನ ಕೈಗೆ ಬಳೆ ಏರುವುದು ತೊಟ್ಟಿಲಲ್ಲೇ. ಆಮೇಲೆ ಜಾತ್ರೆಯಲ್ಲಿ ಅಪ್ಪ ಕೊಡಿಸಿದ ಬಳೆ, ಗೌರಿಹಬ್ಬಕ್ಕೆ ತವರಿನಿಂದ ಬರುವ ಬಾಗಿನದ ಬಳೆ, ಸೀಮಂತದ ಹಸಿರು ಗಾಜಿನ ಬಳೆ. ತಾಳಿ ಕಟ್ಟಿದವನು ಗಂಡ, ನಿಜ; ಬಳೆ ಅವನಿಗಿಂತ ಮುಂಚೆಯೇ ಅವಳ ಕೈಯಲ್ಲಿತ್ತು. ಹಾಗಿರುವಾಗ ಅವನು ಸತ್ತ ದಿನ ಅದನ್ನು ಒಡೆಯುವುದು ಯಾವ ನ್ಯಾಯ?

ಬಳೆ ಮುತ್ತೈದೆತನದ ಗುರುತು, ಅದು ಹೋದ ಮೇಲೆ ಬಳೆಯೂ ಹೋಗಬೇಕು ಎನ್ನುತ್ತಾರೆ ಹಿರಿಯರು. ಆದರೆ ನಮ್ಮ ಸಂಪ್ರದಾಯವೇ ಇದಕ್ಕೆ ಬೇರೆ ದಾರಿ ತೋರಿಸಿದೆ. ಸವದತ್ತಿಯಲ್ಲಿ ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮ ವಿಧವೆಯಾದಳೆಂದು ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಎರಡು ತಿಂಗಳಿಗೆ ಭಾರತ ಹುಣ್ಣಿಮೆ. ಅವಳ ಗಂಡ ಜಮದಗ್ನಿ ಮರಳಿ ಬದುಕಿದನೆಂದು ಅಮ್ಮನಿಗೆ ಮತ್ತೆ ಮುತ್ತೈದೆತನ, ಜೋಗತಿಯರ ಕೈಗೆ ಮತ್ತೆ ಹಸಿರು ಬಳೆ. ದೇವಿಯ ಬರಿಗೈ ನೋಡಲಾರದೆ ಅವಳ ದುಃಖಕ್ಕೊಂದು ಕೊನೆಯ ದಿನ ಗೊತ್ತುಮಾಡಿದ ಜನ ನಾವು. ಪಕ್ಕದ ಮನೆಯ ಹೆಣ್ಣಿಗೆ ಆ ದಿನ ಏಕಿಲ್ಲ?

ಬಳೆ ತೊಡಿಸುವುದನ್ನು ಹತ್ತಿರದಿಂದ ನೋಡಬೇಕು. ಬಳೆಗಾರ ಗೆಣ್ಣುಗಳನ್ನು ಮೆತ್ತಗೆ ಒತ್ತಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಒಂದೊಂದಾಗಿ ಏರಿಸುತ್ತಾನೆ. ಎರಡು-ನಾಲ್ಕರ ಬಳೆಗೂ ಎರಡು-ಆರರ ಬಳೆಗೂ ಇರುವ ವ್ಯತ್ಯಾಸ ಇಂಚಿನ ಎಂಟನೆಯ ಒಂದು ಭಾಗ. ಕೈ ಬಿಗಿಹಿಡಿದರೆ ಗಾಜು ಚಟ್ಟೆಂದು ಮುರಿಯುತ್ತದೆ. ಇಷ್ಟು ಜೋಪಾನವಾಗಿ ಏರಿಸಿದ್ದನ್ನು ಸಾವಿನ ಮನೆಯಲ್ಲಿ ಕುಟ್ಟಿ ಒಡೆಯುತ್ತಾರೆ, ಚೂರು ಮಣಿಕಟ್ಟಿಗೆ ಚುಚ್ಚಿ ರಕ್ತ ಬಂದರೂ.

ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ 2022ರ ಮೇ ತಿಂಗಳಲ್ಲಿ ಈ ಪದ್ಧತಿ ಬೇಡವೆಂದು ನಿರ್ಣಯ ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಬೇರೆ ಊರುಗಳಿಗೂ ಅದೇ ದಾರಿ ಹಿಡಿಯಲು ಹೇಳಿತು. ನಮ್ಮ ಗ್ರಾಮಸಭೆಗಳೂ ಇದನ್ನು ಮಾಡಬೇಕು. ಆದರೆ ನಿರ್ಣಯವೊಂದೇ ಸಾಲದು. ಬಳೆ ಒಡೆಯಲು ಮುಂದೆ ಬರುವವರು ಮನೆಯ, ಕೇರಿಯ ಹಿರಿಯ ಹೆಂಗಸರು; ಹಿಂದೊಮ್ಮೆ ತಾವೇ ಬಳೆ ಕಳೆದುಕೊಂಡವರು. ನನಗಾದದ್ದು ಇವಳಿಗೂ ಆಗಲೇಬೇಕು ಎಂಬ ಕಠಿಣತೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ದಶಕಗಳ ಕಾಲ ಶುಭಕಾರ್ಯಗಳಿಂದ ಅವರನ್ನು ದೂರವಿಟ್ಟು ನಾವೇ ಬೆಳೆಸಿದ್ದು. ಆದ್ದರಿಂದ ಕೆಲಸ ಅವರಿಂದಲೇ ಶುರುವಾಗಬೇಕು. ಬೇಡವೆಂದವರಿಗೆ ಒತ್ತಾಯವಿಲ್ಲ, ಬೇಕೆಂದವರಿಗೆ ಮೊದಲು ಅವರ ಬಳೆ ಮರಳಲಿ, ಗೌರಿಯ ಬಾಗಿನ ಅವರ ಮನೆಗೂ ಹೋಗಲಿ. ಮಗಳ ಸೀಮಂತದ ದಿನ ಒಳಕೋಣೆಯಲ್ಲಿ ಕೂತಿರುವ ತಾಯಿಯನ್ನು ಹಸೆಯ ಬಳಿಗೆ ಕರೆದು, ಆ ಹಸಿರು ಬಳೆಗಳಲ್ಲಿ ಮೊದಲನೆಯದನ್ನು ಅವಳಿಂದಲೇ ತೊಡಿಸಿ.