ನವದಂಪತಿಗಳ ಮೊದಲ ಶರದೃತು

ಮಳೆಗಾಲದ ಮೋಡಗಳು ಚದುರಿ ಆಕಾಶವು ತಿಳಿಯಾಗುವ ಕಾಲವಿದು. ಹೊಳೆಹಳ್ಳಗಳ ಕದಡು ಇಳಿದಿದೆ. ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬಿತ್ತುವ ಕೂರಿಗೆಗಳು ನಡೆದಿವೆ. ಆಶ್ವಯುಜ ಮತ್ತು ಕಾರ್ತಿಕ ಮಾಸಗಳೆರಡನ್ನೂ ಹಿರಿಯರು ಶರದೃತುವೆಂದು ಕರೆದರು. ವೈಶಾಖ ಜ್ಯೇಷ್ಠಗಳಲ್ಲಿ ಮದುವೆಯಾಗಿ, ಆಷಾಢದಲ್ಲಿ ತವರಿಗೆ ಹೋಗಿ, ಶ್ರಾವಣದಲ್ಲಿ ಮರಳಿ ಬಂದ ಹೊಸ ಸೊಸೆಗೆ ಇದು ಮೊದಲನೆಯ ಶರತ್ಕಾಲ. ದಸರೆಯ ಬನ್ನಿ, ಶೀಗಿ ಹುಣ್ಣಿಮೆಯ ಬುತ್ತಿ, ದೀಪಾವಳಿಯ ಆರತಿ ಒಂದರ ಹಿಂದೊಂದು ಬರುವುದರಿಂದ ಹೊಸ ದಂಪತಿಗಳ ಕಾಲು ಈ ಎರಡು ತಿಂಗಳು ಒಂದೆಡೆ ನಿಲ್ಲುವುದಿಲ್ಲ. ಇಂದು ಈ ಮನೆ, ನಾಳೆ ಆ ಮನೆ, ನಾಡಿದ್ದು ಒಂದು ಕ್ಷೇತ್ರದರ್ಶನ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ, ವಿಜಯಪುರ ಜಿಲ್ಲೆಯ ಸೋದರಿಯೊಬ್ಬರು ಬರೆದ ಪತ್ರ. ಅವರ ಮಗನ ಮದುವೆ ಕಳೆದ ವೈಶಾಖದಲ್ಲಿ ಆಗಿದೆ. ಮಗ ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಉದ್ಯೋಗಸ್ಥರು. ದೀಪಾವಳಿಗೆ ದೊರೆಯುವ ರಜೆ ನಾಲ್ಕು ದಿನ ಮಾತ್ರ. ಸೊಸೆಯ ತವರು ಬಾದಾಮಿ ತಾಲೂಕಿನ ಒಂದು ಹಳ್ಳಿ. ಮೊದಲ ಹಬ್ಬಕ್ಕೆ ಅಳಿಯನನ್ನು ಕರೆಯಲು ಅಲ್ಲಿಂದ ಬೀಗರು ಬಂದು ಹೋಗಿದ್ದಾರೆ. ಮಗ ತಮ್ಮ ಮನೆಯ ದೀಪ ಹಚ್ಚಲು ಬರಬೇಕೆಂಬುದು ತಾಯಿಯ ಆಸೆ. ಇವೆರಡರ ನಡುವೆ ಸೊಸೆ, ಒಂದು ದಿನ ತಾವಿಬ್ಬರೇ ಪಟ್ಟದಕಲ್ಲನ್ನು ನೋಡಿಬರುತ್ತೇವೆ ಎಂದಳಂತೆ. "ಹಬ್ಬದ ದಿನಗಳಲ್ಲಿ ಇಬ್ಬರೇ ತಿರುಗುವುದು ಶೋಭೆಯೇ?" ಎಂದು ಪತ್ರದಲ್ಲಿ ಕೇಳಿದ್ದಾರೆ. ಕೊನೆಯಲ್ಲಿ ಇನ್ನೂ ಒಂದು ಸಾಲಿದೆ: "ಮೊದಲ ದೀಪಾವಳಿಗೆ ಬೀಗರು ಅಳಿಯನಿಗೆ ಏನಾದರೂ ಹಾಕಲೇಬೇಕಲ್ಲವೇ? ನಮ್ಮ ಓಣಿಯವರು ಕೇಳಿದರೆ ಏನು ಹೇಳುವುದು?"

ಆ ತಾಯಿ ಮೊದಲ ಪ್ರಶ್ನೆಯನ್ನು ದೊಡ್ಡದೆಂದೂ ಕೊನೆಯದನ್ನು ಚಿಕ್ಕದೆಂದೂ ತಿಳಿದು ಬರೆದಂತಿದೆ. ನನಗೆ ಅದು ಹಿಂದುಮುಂದಾಗಿ ತೋರುತ್ತದೆ. ಯಾಕೆಂಬುದನ್ನು ತಿಳಿಯಲು, ಈ ಬಂದುಹೋಗುವಿಕೆ ನಮ್ಮಲ್ಲಿ ಏತಕ್ಕಾಗಿ ಹುಟ್ಟಿತೆಂಬುದನ್ನು ಮೊದಲು ನೋಡಬೇಕು.

ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಹಿಡಿದು ಕಿರಿಯರು ಹಿರಿಯರ ಮನೆಗೆ ಹೋಗುತ್ತಾರೆ. ಬಂಗಾರದಂತೆ ಇರೋಣ ಎಂದು ಎಲೆ ಕೊಟ್ಟು ಕಾಲಿಗೆರಗುತ್ತಾರೆ. ಹೊಸ ಸೊಸೆಗೆ ಇದು ಇಡೀ ಊರಿನ ಪರಿಚಯವಾಗುವ ಸಂಜೆ. ದೊಡ್ಡಪ್ಪನ ಮನೆ ಯಾವುದು, ಯಾವ ಮನೆಯೊಡನೆ ಮಾತು ನಿಂತಿದೆ, ಯಾವ ಅಜ್ಜಿಗೆ ಕಣ್ಣು ಕಾಣುವುದಿಲ್ಲ ಎಂಬುದೆಲ್ಲ ಆ ಒಂದು ಸುತ್ತಿನಲ್ಲಿ ಅವಳಿಗೆ ತಿಳಿಯುತ್ತದೆ. ಮಾತು ನಿಂತ ಮನೆಗೂ ಆ ಸಂಜೆ ಬನ್ನಿ ಹಿಡಿದು ಹೋಗಬಹುದು. ಹೊಸ ಸೊಸೆ ಮುಂದೆ ನಿಂತಾಗ ಬಾಗಿಲು ಮುಚ್ಚುವವರು ಅಪರೂಪ. ಇಲ್ಲಿ ಕೊಡುವ ಬಂಗಾರ ಎಲೆಯದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಐದು ದಿನ ಕಳೆದರೆ ಶೀಗಿ ಹುಣ್ಣಿಮೆ. ಫಲ ಹೊತ್ತ ಭೂಮಿಯನ್ನು ಬಸುರಿ ಹೆಣ್ಣುಮಗಳೆಂದು ಭಾವಿಸಿ, ಅವಳಿಗೆ ಬಯಕೆಯ ಊಟ ಮಾಡಿಸುವ ಹಬ್ಬವದು. ಸಜ್ಜೆಯ ರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡಬು, ಮೊಸರನ್ನದ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬಂಡಿಯಲ್ಲಿ ಹೊಲಕ್ಕೆ ಹೋಗುವರು. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಉಣ್ಣುವರು. ನಮ್ಮ ಹಳ್ಳಿಗಳ ಹೊಸ ದಂಪತಿಗಳಿಗೆ ಹಿಂದೆ ವಿಹಾರವೆಂದರೆ ಇದೇ ಆಗಿತ್ತು. ತಾನು ಉಣ್ಣುವ ಅನ್ನ ಎಲ್ಲಿ ಬೆಳೆಯುತ್ತದೆ ಎಂಬುದನ್ನು ಸೊಸೆಯು ಕಣ್ಣಾರೆ ಕಾಣುವ ದಿನ ಅದು.

ಅನಂತರ ದೀಪಾವಳಿ. ನೀರು ತುಂಬುವ ಸಂಜೆ ಹಂಡೆಯನ್ನು ತೊಳೆದು ತುಂಬಿಸಿ, ಚತುರ್ದಶಿಯ ನಸುಕಿನಲ್ಲಿ ಎಣ್ಣೆಯೊತ್ತಿ, ಆರತಿ ಬೆಳಗಿ, ಅಭ್ಯಂಜನ ಮಾಡಿಸುವರು. ಮೊದಲ ವರ್ಷ ಅಳಿಯನನ್ನು ಕರೆಸಿ ಈ ಆರತಿಯನ್ನು ಬೆಳಗುವುದು ಹೆಣ್ಣಿನ ಮನೆಯವರ ಸಂಭ್ರಮ. ಮಗಳನ್ನು ಕೊಟ್ಟ ಮನೆಯವನು ತಮ್ಮ ಒಲೆಯ ಮುಂದೆ ಕುಳಿತು ಬಿಸಿರೊಟ್ಟಿ ಉಣ್ಣಲಿ, ಮಗಳು ಹೇಗಿದ್ದಾಳೆಂಬುದನ್ನು ಅವನ ಮುಖದಲ್ಲಿಯೇ ಓದಿಕೊಳ್ಳೋಣ ಎಂಬುದು ಆ ಕರೆಯ ಒಳಗಿನ ಅರ್ಥ. ಹೀಗೆ ಈ ಮೂರೂ ಹಬ್ಬಗಳು ಇಬ್ಬರು ಅಪರಿಚಿತರಿಗೂ ಎರಡು ಮನೆಗಳಿಗೂ ಪರಸ್ಪರ ಪರಿಚಯ ಮಾಡಿಸುವ ಪಾಠಶಾಲೆಗಳು. ಇಂತಹ ಪಾಠಶಾಲೆಗೆ ಕಾಲಾಂತರದಲ್ಲಿ ಒಂದು ಶುಲ್ಕ ಹತ್ತಿಕೊಂಡಿತು. ಅದರ ಕಥೆಯನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ.

ನಾನು ಮಠದ ಪ್ರಸಾದನಿಲಯದಲ್ಲಿ ಬೆಳೆದವನು. ಹದಿನೈದರ ವಯಸ್ಸಿನಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಿದ್ದೇನೆ. ಒಂದು ಮನೆಯಿಂದ ಒಂದು ಹಿಡಿ ಜೋಳವೇ ಸಾಕು. ಹತ್ತು ಮನೆ ಹೆಚ್ಚು ನಡೆಯಿರಿ, ಆದರೆ ಯಾರ ಗಡಿಗೆಯೂ ಬರಿದಾಗಬಾರದು ಎಂದು ಗುರುಗಳು ಹೇಳಿ ಕಳಿಸುತ್ತಿದ್ದರು. ಕೊಡುವವರ ಕೈ ಹಿಂಜರಿದರೆ ಜೋಳಿಗೆ ಮುಚ್ಚಿಕೊಂಡು, ಹರಸಿ ಮುಂದೆ ಹೋಗಬೇಕು. ಈ ಪಾಠವನ್ನು ಕಂಠಪಾಠ ಮಾಡಿದ್ದ ನಾನು 1986ರಲ್ಲಿ ಅಳಿಯನಾಗಿ ಮಾವನ ಮನೆಯ ಹೊಸ್ತಿಲು ದಾಟಿದಾಗ ಅದನ್ನು ಸಂಪೂರ್ಣವಾಗಿ ಮರೆತಿದ್ದೆ.

ಮಾವನವರು ಮಳೆಯನ್ನು ನಂಬಿದ ಒಕ್ಕಲಿಗರು. ಹಿಂಗಾರಿ ಬೇಸಾಯದವರ ಕೈಯಲ್ಲಿ ದೀಪಾವಳಿಯ ಹೊತ್ತಿಗೆ ಹಣವಿರುವುದಿಲ್ಲ. ಬೀಜ ಗೊಬ್ಬರಗಳಿಗೆ ಖರ್ಚಾಗಿರುತ್ತದೆ, ಜೋಳ ಇನ್ನೂ ಮೊಣಕಾಲೆತ್ತರವೂ ಬೆಳೆದಿರುವುದಿಲ್ಲ, ರಾಶಿಯಾಗಿ ಕೈಗೆ ಕಾಸು ಬರಲು ಮಾಘ ಮಾಸ ಕಳೆಯಬೇಕು. ಹೊಲವೇನೋ ಬಸುರಿ, ಆದರೆ ಚೀಲ ಬರಿದು. ಅಂತಹ ದಿನಗಳಲ್ಲಿಯೂ ಆರತಿಯ ತಟ್ಟೆಯಲ್ಲಿ ಅರ್ಧ ತೊಲದ ಉಂಗುರವಿತ್ತು. ನಾನು ಕೇಳಿರಲಿಲ್ಲ, ಆದರೆ ಬೇಡವೆಂದೂ ಅನ್ನಲಿಲ್ಲ. ನಮ್ಮ ಕಡೆಯವರು ಆಡಿದ ಒಂದೆರಡು ಮಾತುಗಳು ಬೀಗರ ಕಿವಿ ತಲುಪಿದ್ದವೆಂಬುದು ಆಮೇಲೆ ತಿಳಿಯಿತು. ಅತ್ತೆಯವರು ಆ ಮೂರು ದಿನವೂ ಸೆರಗನ್ನು ಕೊರಳ ಸುತ್ತ ಹೊದ್ದೇ ಓಡಾಡಿದರು. ಅದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹನ್ನೊಂದು ವರ್ಷಗಳು ಕಳೆದವು. 1997ರಲ್ಲಿ ಒಂದು ದಿನ ನಮ್ಮ ಮಗಳು ಮದುವೆಯ ಹಳೆಯ ಭಾವಚಿತ್ರಗಳನ್ನು ಹರಡಿಕೊಂಡು ಕುಳಿತಿದ್ದಳು. ಚಿತ್ರದಲ್ಲಿ ಅವಳ ಅಜ್ಜಿಯ ಕೊರಳಲ್ಲಿ ಬೋರಮಾಳ ಸರವಿತ್ತು. ಅತ್ತೆಯವರು ತೀರಿಕೊಂಡು ಆಗ ಎರಡು ವರ್ಷಗಳಾಗಿದ್ದವು. "ಈ ಸರ ಯಾರ ಪಾಲಿಗೆ ಹೋಯಿತು?" ಎಂದು ನಾನು ಸಹಜವಾಗಿ ಕೇಳಿದೆ. ನನ್ನ ಶ್ರೀಮತಿಯವರು ಮಡಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ನಿಮ್ಮ ಬೆರಳಾಗ ಐತ್ರಿ," ಎಂದರು.

ಆ ಸರವನ್ನು ಒತ್ತೆಯಿಟ್ಟು ಉಂಗುರ ಮಾಡಿಸಿದ್ದರು, ಮರುವರ್ಷ ಮಳೆ ಕೈಕೊಟ್ಟಿತು, ಒತ್ತೆ ಬಿಡಿಸಲಾಗಲಿಲ್ಲ. ಹನ್ನೊಂದು ವರ್ಷ ಇದನ್ನು ಏಕೆ ಹೇಳಲಿಲ್ಲವೆಂದು ಕೇಳಿದೆ. "ಅವ್ವ ಆಣಿ ಹಾಕಿದ್ದಳು. ಅಳಿಯಂದಿರು ಉಣ್ಣೂವಾಗ ಮನಸ್ಸಿಗೆ ಹತ್ತಬಾರದು ಅಂದಿದ್ದಳು," ಎಂದರು. ಉಂಗುರವನ್ನು ಅಂದೇ ತೆಗೆದಿಟ್ಟೆ. ಮರಳಿಸಬೇಕೆಂದರೆ ಪಡೆಯುವ ಕೈಯೇ ಇರಲಿಲ್ಲ.

ಕೇಳದೆ ಬಂದದ್ದು ಕೊಡುಗೆಯೇ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಬಾಯಿಂದ ಕೇಳುವುದೊಂದೇ ಕೇಳುವುದಲ್ಲ. "ಅವರ ಅಳಿಯನಿಗೆ ಬೈಕು ಕೊಟ್ಟರಂತೆ" ಎಂದು ಬೀಗರ ಮುಂದೆ ಸುಮ್ಮನೆ ಆಡುವುದೂ ಕೇಳಿದಂತೆಯೇ. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯು ಮದುವೆಯ ಸಮಯದ ಅಥವಾ ಅದಕ್ಕಿಂತ ಮುಂಚಿನ ಕೊಡುಕೊಳ್ಳುವಿಕೆಯನ್ನಷ್ಟೇ ಅಲ್ಲದೆ, ಮದುವೆಯ ಸಂಬಂಧವಾಗಿ ಆಮೇಲೆ ಕೊಡುವುದನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ನೇರವಾಗಿ ಆಗಲಿ ಬಳಸುಮಾತಿನಿಂದಾಗಲಿ ವರದಕ್ಷಿಣೆ ಕೇಳಿದರೆ ಸಾಕು, ಆರು ತಿಂಗಳಿಂದ ಎರಡು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯಿದೆ. ಹಬ್ಬದ ಹೆಸರಿಟ್ಟು ಕೇಳಿದರೆ ತಪ್ಪು ಕಡಿಮೆಯಾಗದು.

ಕಾನೂನಿಗಿಂತ ಮುಂಚೆಯೇ ನಮಗೆ ಈ ಪಾಠ ದೊರೆತಿತ್ತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಲೆಗೆ ಏರಿಸದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳಿಸಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯ ವಿಷಯದಲ್ಲಿಯೇ ಅಷ್ಟು ಎಚ್ಚರವಿದ್ದರೆ, ಒಬ್ಬ ತಾಯಿಯ ಕೊರಳಿನ ಸರದ ವಿಷಯದಲ್ಲಿ ಎಷ್ಟಿರಬೇಕು? ಆ ಎಚ್ಚರವನ್ನು ಹೇಳಿದವರು ಮನೆಯ ಹೆಣ್ಣುಮಗಳು ಎಂಬುದನ್ನೂ ಮರೆಯಬಾರದು. ಬೇಡವೆಂಬ ಮಾತು ಗಂಡಿನ ತಾಯಿಯ ಬಾಯಿಂದ ಬಂದರೆ ಅದಕ್ಕಿರುವ ಬಲ ಬೇರೆ ಯಾರ ಮಾತಿಗೂ ಇಲ್ಲ.

ಇನ್ನು ಪಟ್ಟದಕಲ್ಲಿನ ಮಾತು. ಹೊಸ ದಂಪತಿಗಳು ಒಂದು ದಿನ ಇಬ್ಬರೇ ಹೋಗಿಬರುವುದರಲ್ಲಿ ಅಶೋಭೆಯಾದುದು ಏನೂ ಇಲ್ಲ. ಎರಡೂ ಮನೆಗಳಲ್ಲಿ ಅವರು ಮಗ, ಸೊಸೆ, ಅಳಿಯ, ಮಗಳು ಆಗಿರುತ್ತಾರೆ. ಗಂಡಹೆಂಡಿರಾಗಿ ನಾಲ್ಕು ಮಾತಾಡಲು ಅವರಿಗೂ ಒಂದು ಹಾದಿ ಬೇಕು. ಅದಕ್ಕೆ ಈ ಋತುವಿಗಿಂತ ಒಳ್ಳೆಯ ಕಾಲವಿಲ್ಲ. ಬಾದಾಮಿಯ ಅಗಸ್ತ್ಯತೀರ್ಥ ಮಳೆಗೆ ತುಂಬಿರುತ್ತದೆ. ಮೇಲೆ ಕೆಂಪು ಬಂಡೆಯಲ್ಲಿ ಕೊರೆದ ಗುಹಾಲಯಗಳಿವೆ. ಅವುಗಳಲ್ಲಿ ಮೂರನೆಯದನ್ನು ಮಂಗಳೇಶನು ಮಾಡಿಸಿದನೆಂದು ಕ್ರಿ.ಶ. 578ರ ಶಾಸನವು ಹೇಳುತ್ತದೆ. ಅಲ್ಲಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿ, ಮಲಪ್ರಭೆ ಉತ್ತರಾಭಿಮುಖವಾಗಿ ಹರಿಯುವಲ್ಲಿ, 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಇದೆ.

ಅಲ್ಲಿ ಒಂದು ಸಂಗತಿಯನ್ನು ಹೊಸ ದಂಪತಿಗಳು ನಿಂತು ನೋಡಬೇಕು. ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿಸಿದವಳು ಅವಳ ತಂಗಿ ತ್ರೈಲೋಕ್ಯಮಹಾದೇವಿ. ಎರಡು ಗುಡಿಗಳ ನಡುವೆ ಹೆಚ್ಚು ಅಂತರವಿಲ್ಲ. ಒಂದು ಹಿರಿದು, ಒಂದು ತುಸು ಕಿರಿದು. ಆದರೆ ಒಂದರ ಭಾರ ಇನ್ನೊಂದರ ಗೋಡೆಯ ಮೇಲೆ ಬಿದ್ದಿಲ್ಲ. ಆದ್ದರಿಂದಲೇ ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ಎರಡೂ ನಿಂತಿವೆ. ಬೀಗತನವೂ ಹೀಗೆಯೇ ಇರಬೇಕಲ್ಲವೇ?

ಪತ್ರ ಬರೆದ ಸೋದರಿಗೆ ನನ್ನ ಉತ್ತರ ಇಷ್ಟು. ರಜೆ ನಾಲ್ಕೇ ದಿನವಾದರೆ ಚತುರ್ದಶಿಯ ಆರತಿ ಸೊಸೆಯ ತವರಿನಲ್ಲಾಗಲಿ. ಮರುದಿನ ಅವರಿಬ್ಬರೂ ಬುತ್ತಿ ಕಟ್ಟಿಕೊಂಡು ಪಟ್ಟದಕಲ್ಲಿಗೆ ಹೋಗಲಿ. ಅಲ್ಲಿಂದ ನಿಮ್ಮೂರಿಗೆ ಬಂದು ಪಾಡ್ಯದ ದೀಪವನ್ನು ನಿಮ್ಮ ಮನೆಯಲ್ಲಿ ಹಚ್ಚಲಿ. ಬರುವ ವರ್ಷ ಸರದಿ ಬದಲಾಗಲಿ. ಅಳಿಯನು ಮಾವನ ಮನೆಯಲ್ಲಿ ಮಣೆಯ ಮೇಲೆಯೇ ಕುಳಿತಿರದೆ ಹಂಡೆಗೆ ಎರಡು ಕೊಡ ನೀರು ಹಾಕಲಿ, ಮಾವನೊಡನೆ ಹೊಲಕ್ಕೆ ಹೋಗಿ ಬೆಳೆ ನೋಡಿ ಬರಲಿ. ಸೊಸೆ ದಣಿದು ಬಂದ ದಿನ ನಿಮ್ಮ ಮನೆಯ ಒಲೆಯ ಕೆಲಸವೆಲ್ಲ ಅವಳೊಬ್ಬಳ ಮೇಲೆ ಬೀಳದಿರಲಿ.

ಕೊನೆಯ ಪ್ರಶ್ನೆಗೂ ಉತ್ತರಿಸುತ್ತೇನೆ. ಹಬ್ಬಕ್ಕೆ ಹದಿನೈದು ದಿನ ಮೊದಲೇ ನೀವೇ ಬೀಗತಿಗೆ ದೂರವಾಣಿ ಮಾಡಿ, ಆರತಿಯ ತಟ್ಟೆಯಲ್ಲಿ ಎಲೆ ಅಡಿಕೆ ಇದ್ದರೆ ಸಾಕೆಂದು ಬಾಯಿಬಿಟ್ಟು ಹೇಳಿರಿ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಹೇಳದೆ ಉಳಿದರೆ ಅವರು ಎಲ್ಲಿಂದಲಾದರೂ ತಂದು ಹಾಕಿಯೇ ಹಾಕುತ್ತಾರೆ. ನಮ್ಮ ಮಗಳ ಮೊದಲ ದೀಪಾವಳಿ 2014ರಲ್ಲಿ ಬಂದಾಗ ನಾವು ಅಳಿಯಂದಿರಿಗೆ ಒಂದು ಜೊತೆ ಬಟ್ಟೆಯನ್ನಷ್ಟೇ ಕೊಟ್ಟೆವು. ಆ ವರ್ಷ ಬೀಗತಿಯವರ ಮಾತು ತುಸು ತಣ್ಣಗಿತ್ತು ಎಂಬುದನ್ನು ಮುಚ್ಚಿಡಲಾರೆ. ಅಳಿಯಂದಿರನ್ನು ಪಕ್ಕಕ್ಕೆ ಕೂರಿಸಿಕೊಂಡು ಬೋರಮಾಳದ ಕಥೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮರುವರ್ಷದ ದಸರೆಗೆ ತಮ್ಮ ತಾಯಿಯನ್ನು ಜೊತೆಗೆ ಕರೆದುಕೊಂಡು ನಮ್ಮ ಮನೆಗೆ ಬಂದರು. ಆ ತಾಯಿ ನನ್ನ ಶ್ರೀಮತಿಯವರ ಕೈಯಲ್ಲಿ ಬನ್ನಿಯ ಎಲೆಗಳನ್ನು ಇಟ್ಟರು.

ನಿಮ್ಮ ಓಣಿಯವರು ಏನು ಹಾಕಿದರೆಂದು ಕೇಳಿದರೆ, ಬನ್ನಿ ಬಂಗಾರ ಬಂದಿದೆ ಎಂದು ಹೇಳಿರಿ, ತಾಯಿ.